ಅಂಗೈಯ ತಂಪು

ಶಿವಗಂಗವ್ವನ ದಮ್ಮು ಅವಳ ಮದುವೆಗಿಂತ ಹಳೆಯದು. ಗಂಡ ಸತ್ತ, ಹಲ್ಲು ಬಿದ್ದವು, ಹೊಲ ಇಬ್ಭಾಗವಾಯಿತು. ಎದೆಯೊಳಗೆ ಸುಂಯ್‌ಗುಟ್ಟುವ ಆ ಸದ್ದು ಮಾತ್ರ ಬಿಟ್ಟು ಹೋಗಲಿಲ್ಲ. ಕೌಜಲಗಿಯಲ್ಲಿ ಅದನ್ನು ಎಲ್ಲರೂ ಬಲ್ಲರು. ಆಕೆ ಮಠದ ಮೆಟ್ಟಿಲು ಏರುತ್ತಿದ್ದರೆ, "ಬಂತು ನೋಡ್ರೆವ್ವಾ ಕಮ್ಮಾರನ ತಿದಿ" ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು.

ಹತ್ತೊಂಬತ್ತು ನೂರಾ ಹದಿನೆಂಟರ ಹಿಂಗಾರಿಗೆ ಆ ನಗು ನಿಂತಿತು. ಮುಂಬಯಿ ಕಡೆಯಿಂದ ರೈಲು ಹತ್ತಿ ಬಂದ ಜ್ವರ ಗೋಕಾಕದ ಪೇಟೆ ಹೊಕ್ಕು, ಎತ್ತಿನ ಗಾಡಿಯಲ್ಲಿ ಹಳ್ಳಿಗಳಿಗೆ ಇಳಿಯಿತು. ಮೊದಲು ಕೆಮ್ಮು, ಆಮೇಲೆ ಮೈಸುಡು, ಆಮೇಲೆ ಉಸಿರು ಸಿಗದೆ ತುಟಿ ನೀಲಿ. ಕೆಮ್ಮು, ಉಸಿರಾಟದ ಕಷ್ಟ ಎರಡೂ ಶಿವಗಂಗವ್ವನಿಗೆ ದಿನದ ನೆಂಟರು. ಬೇರೆಯವರು ಜ್ವರ ಬಂದ ದಿನ ಹೆದರಿದರೆ, ಆಕೆ ದಿನವೂ ಹೆದರಿದಳು. ಪ್ರತಿ ಕೆಮ್ಮಿಗೂ ಒಂದೇ ಪ್ರಶ್ನೆ: ಇದು ನನ್ನದೋ, ಊರದೋ?

ತಾನು ಸಾಯುವೆನೆಂಬ ಹೆದರಿಕೆಯಲ್ಲ. ಮನೆಯಲ್ಲಿ ಸೊಸೆ ಕಾಶೆವ್ವ ಹಸಿ ಬಾಣಂತಿ. ತವರು ಹುಕ್ಕೇರಿಯಲ್ಲಿ ಅವಳ ಅವ್ವನೇ ಜ್ವರ ಹಿಡಿದು ಮಲಗಿದ್ದರಿಂದ ಹೆರಿಗೆ ಇಲ್ಲೇ ಆಯಿತು. ಬಸಿರ ಮೇಲೆ ಬಸಿರು ಇಳಿದು ಹೋಗಿ, ಕೊನೆಗೆ ಉಳಿದ ಗಂಡು ಕೂಸು. ಹೆಸರಿಡಬೇಕಿತ್ತು. ಹೆಣ ಹೊರಲು ಹೆಗಲು ಸಿಗದ ಊರಿನಲ್ಲಿ ತೊಟ್ಟಿಲು ತೂಗಲು ಯಾರು ಬರುತ್ತಾರೆ? ತನ್ನ ಮೈಯಿಂದ ಆ ಕೂಸಿಗೆ ಏನೂ ಹೋಗಬಾರದು. ಆಕೆಗೆ ಬೇಕಿದ್ದದ್ದು ಅದೊಂದೇ.

"ದುಂಡಪ್ಪಾ, ಹಣಿ ಮುಟ್ಟಿ ನೋಡೋ."

"ಈಗಷ್ಟ ನೋಡಿದ್ನೆಲ್ಲ ಯವ್ವಾ."

"ಆಗ ನೆಳ್ಳಾಗ ಕುಂತಿದ್ನಿ. ಈಗ ನೋಡು."

"ತಣ್ಣಗೈತಿ. ನಿನ್ನ ಹಣಿ ಮ್ಯಾಲಿನ ಇಬತ್ತಿ ಎಲ್ಲಾ ನನ್ನ ಕೈಗೆ ಹತ್ತೈತಿ. ಇನ್ನ ಮ್ಯಾಲ ನನಗ ಅಯ್ಯನವರ ಅಂತ ಕರಿ."

ಮಗ ನಗುತ್ತಲೇ ಅಂದಿದ್ದ. ಮರುದಿನ ಕರೆದರೆ ಮಾತ್ರ ಕೇಳಿಸದವನಂತೆ ದನದ ಕಡೆ ಹೋದ.

ಆಮೇಲೆ ಆಕೆ ಯಾರನ್ನೂ ಕರೆಯಲಿಲ್ಲ. ಬೆಳಗಿನ ಪೂಜೆಗೆ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು ನೀರೆರೆದಾಗ ಶಿಲೆ ತಣ್ಣಗೆ ಅಂಗೈಯಲ್ಲಿ ಕೂರುತ್ತಿತ್ತು. ಆ ತಂಪನ್ನೇ ಗುರುತು ಮಾಡಿಕೊಂಡಳು. ತನ್ನ ಮೈ ಸುಟ್ಟರೆ ಅಂಗೈಯಲ್ಲಿ ಇರುವವನಿಗೆ ತಟ್ಟದೆ ಇದ್ದೀತೇ? ಆತ ತಂಪಿದ್ದರೆ ತಾನೂ ತಂಪು. ಕೊರಳಿಗೆ ಕಟ್ಟಿದ ಲಿಂಗ ಬೇರೆಯವರ ಕೈಗೆ ಕೊಡುವಂಥದ್ದಲ್ಲ. ಹಾಗಾಗಿ ಇನ್ನೊಬ್ಬರನ್ನು ಕಾಡುವುದೂ ತಪ್ಪಿತು, ತಿದ್ದುವವರೂ ಇಲ್ಲವಾದರು.

ತಂಪಿದ್ದ ದಿನ ಬಾಣಂತಿಯ ಕೋಣೆಯ ಹೊಸ್ತಿಲವರೆಗೆ ಹೋಗಿ ಕೂಸಿನ ಮುಖ ನೋಡುತ್ತಿದ್ದಳು. ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ತುರುಕಿ ಹಿತ್ತಲಿಗೆ ಓಡುತ್ತಿದ್ದಳು. ಎತ್ತಿಕೊಂಡಿರಲಿಲ್ಲ.

ಒಂದು ಸೋಮವಾರ ನೀರೆರೆದರೆ ಲಿಂಗ ಎಂದೂ ಇಲ್ಲದಷ್ಟು ತಂಪು. ಬಾವಿಯ ತಳದ ಕಲ್ಲಿನ ಹಾಗೆ, ಮೈ ಜುಮ್ಮೆನ್ನುವ ಹಾಗೆ. ಶಿವಗಂಗವ್ವನ ಕಣ್ಣು ತುಂಬಿ ಬಂತು. ಅಪ್ಪ ಬಾಯಿಪಾಠ ಮಾಡಿಸಿದ್ದ ವಚನಗಳನ್ನು ಒಂದಾದ ಮೇಲೊಂದು ಅಂದಳು. ನಡುನಡುವೆ ದನಿ ನಡುಗಿದ್ದು ಭಕ್ತಿಗೆ ಎಂದುಕೊಂಡಳು.

ಕಾಶೆವ್ವ ಕೋಣೆಯಿಂದ ಕೂಗಿದಳು. "ಅತ್ತೀ, ಎರಕೊಂಡು ಬರ್ತೇನ್ರಿ. ನೀರ ಹಾಕೂ ಮುದಕವ್ವನೂ ಮಲಗ್ಯಾಳಂತ. ಕೂಸಿನ್ನ ಹಿಡೀತೀರೇನ್ರಿ? ಮೈ ಹೆಂಗೈತಿ?"

"ಲಿಂಗಯ್ಯ ತಂಪಗ ಅದಾನ. ಕೊಡು ಇಲ್ಲಿ."

ಕೂಸು ಬಟ್ಟೆಯ ಗಂಟಿನಷ್ಟೇ ಹಗುರ. ಎದೆಗವಚಿಕೊಂಡಳು. ಅದು ಆಕೆಯ ಕೊರಳಿಗೆ ಮೂಗು ಉಜ್ಜುತ್ತ ಹಾಲು ಹುಡುಕಿತು. "ನನ್ನಲ್ಲೇನೈತಿ ಕಳ್ಳಾ, ಬರೇ ಗಾಳಿ" ಎಂದು ಅದರ ಬಾಯಿಗೆ ಬಾಯಿ ತಂದು ಮುದ್ದಿಟ್ಟಳು.

ಕಾಶೆವ್ವ ತಲೆಗೆ ಬಟ್ಟೆ ಸುತ್ತಿಕೊಂಡು ಬಂದು ಕೂಸಿಗೆ ಕೈ ನೀಡಿದಳು. ಬೆರಳಿಗೆ ಬೆರಳು ತಾಗಿತು.

"ಅತ್ತೀ! ಕೈ ಕೆಂಡ ಆಗ್ಯಾವಲ್ರಿ!"

"ಹುಚ್ಚಿ! ಲಿಂಗ ಅಷ್ಟ ತಂಪೈತಿ..."

ಮತ್ತೆ ನೀರೆರೆದು ನೋಡೋಣವೆಂದು ಹಿತ್ತಲಿಗೆ ಹೋಗಿ ಕೊಡ ಹಿಡಿದಳು. ಕೊಡವೂ ಅಷ್ಟೇ ತಂಪು. ಗೋಡೆ ಮುಟ್ಟಿದಳು, ತಂಪು. ಬಿಸಿಲಿಗೆ ಕಾದು ಬಿದ್ದಿದ್ದ ಒಗೆಯುವ ಕಲ್ಲಿನ ಮೇಲೆ ಅಂಗೈ ಊರಿದಳು. ಅದೂ ತಂಪು. ಆಗ ತಿಳಿಯಿತು. ಲೋಕವೆಲ್ಲ ತಣ್ಣಗಾಗಿರಲಿಲ್ಲ, ತನ್ನ ಅಂಗೈಯೇ ಕಾದಿತ್ತು.

ತಾನೇ ಹೋಗಿ ದನದ ಕೊಟ್ಟಿಗೆಯಲ್ಲಿ ಕಂಬಳಿ ಹಾಸಿಕೊಂಡಳು. ಜ್ವರ ಬಂತು, ಬಡಿಯಿತು, ದಮ್ಮಿನೊಂದಿಗೆ ಸೇರಿ ಎದೆಯನ್ನು ತುಳಿಯಿತು. ತನ್ನನ್ನು ಕರೆದುಕೊಂಡು ಕೂಸನ್ನು ಬಿಡೆಂದು ಲಿಂಗಯ್ಯನನ್ನು ಬೇಡಿದಳು. ದಿನದ ಪೂಜೆ ಬಿಡಲಿಲ್ಲ, ಆದರೆ ಅಂಗೈಯನ್ನು ನೋಡುವ ಧೈರ್ಯವಾಗದೆ ಕಣ್ಣು ಮುಚ್ಚಿಯೇ ನೀರೆರೆದಳು. ಕೂಸಿನ ಅಳು ಗೋಡೆಯಾಚೆಯಿಂದ ಕೇಳುತ್ತಿತ್ತು; ಮೊದಲು ಜೋರು, ಆಮೇಲೆ ಬೆಕ್ಕಿನ ಮರಿಯಂತೆ, ಆಮೇಲೆ ತನ್ನದೇ ಎದೆಯ ಸದ್ದಿನಂತೆ. ಒಂದು ಮಧ್ಯಾಹ್ನ ದುಂಡಪ್ಪ ಕೊಟ್ಟಿಗೆಗೆ ಬಂದು, ಅವ್ವನ ಕಡೆ ನೋಡದೆ, ಮೂಲೆಯಲ್ಲಿದ್ದ ಸಲಿಕೆ ತೆಗೆದುಕೊಂಡು ಹೋದ.

ಶಿವಗಂಗವ್ವನ ಜ್ವರ ಇಳಿಯಿತು.

ಕಾಶೆವ್ವ ಗಂಜಿ ತಂದು ಕೊಟ್ಟಿಗೆಯ ಬಾಗಿಲಲ್ಲಿ ಕುಳಿತಳು.

"ಕೂಸಿಗೆ ಎಲ್ಲಿಂದ ಬಂತು ಅಂತ ನಿಮ್ಮ ಮಗ ಕೇಳಿದ್ರು," ಎಂದಳು ಕಾಶೆವ್ವ. "ಗಾಳ್ಯಾಗ ಬಂತು ಅಂದ್ನಿ."

"ಖರೇ ಹೇಳಬೇಕಿತ್ತವ್ವಾ."

"ಖರೇ ಹೇಳಿದ್ರ, ನಿಮ್ಮ ಕೈಯಾಗ ಕೂಸಿನ್ನ ಕೊಟ್ಟಾಕಿ ಯಾರು ಅಂತ ಕೇಳ್ತಾರ್ರಿ." ಗಂಗಾಳವನ್ನು ಮುಂದೆ ತಳ್ಳಿದಳು. "ಉಣ್ರಿ."

ಸೊಸೆಯ ಕುಪ್ಪಸದ ಮುಂಭಾಗ ಹಾಲಿನಿಂದ ತೊಯ್ದು ಹೋಗಿತ್ತು. ಅವಳು ಸೆರಗು ಎಳೆದುಕೊಂಡಳು, ಅದೂ ತೊಯ್ಯಿತು. ಶಿವಗಂಗವ್ವ ತಲೆ ತಗ್ಗಿಸಿ ಗಂಜಿ ಉಂಡಳು.