ಮಕ್ಕಳ ಕೋಣೆಯ ಏಣಿ

ನಾನು ಒಂದು ಏಣಿ. ಮಾಳಿಗೆಗೆ ಒರಗಿಸುವ ಉದ್ದ ಏಣಿಯಲ್ಲ; ನಾಲ್ಕು ಮೆಟ್ಟಿಲಿನ, ತನ್ನ ಕಾಲ ಮೇಲೆ ತಾನೇ ನಿಲ್ಲುವ ಗಿಡ್ಡ ಏಣಿ. ಮಾನಪ್ಪ ಬಡಿಗೇರ ಎಂಬವರು ಹಳೆಯ ಬಾಗಿಲಿನ ಸಾಗವಾನಿ ಚೌಕಟ್ಟನ್ನು ಕೊಯ್ದು ನನ್ನನ್ನು ಮಾಡಿದರು. ಮುಗಿಸಿದ ದಿನ ತಮ್ಮ ದಪ್ಪ ಮೈ ಹೊತ್ತು ಮೇಲಿನ ಮೆಟ್ಟಿಲಿಗೆ ಹತ್ತಿ ಎರಡು ಸಲ ಕುಪ್ಪಳಿಸಿದರು. ನಾನು ಅಲುಗಲಿಲ್ಲ. ಮರುದಿನವೇ ಊರಿನ ಸಾರ್ವಜನಿಕ ಗ್ರಂಥಾಲಯದವರು ನನ್ನನ್ನು ಕೈಗಾಡಿಯಲ್ಲಿ ಒಯ್ದರು.

ಆಗ ಅಲ್ಲಿ ಫಕ್ಕೀರಪ್ಪ ಎಂಬ ಹಿರಿಯರು ಗ್ರಂಥಪಾಲಕರು. ಅವರ ಕಾಲದಲ್ಲಿ ಒಂದು ಮಗುವೂ ಹೊಸ್ತಿಲು ದಾಟಿದ್ದನ್ನು ನಾನು ಕಾಣಲಿಲ್ಲ. ಇಣುಕಿದ ಮಕ್ಕಳನ್ನು ಅವರು ಕೆಮ್ಮಿಯೇ ಓಡಿಸುತ್ತಿದ್ದರು. ಕೆಳಗೆ ಪತ್ರಿಕೆ ಓದುವ ಮುದುಕರು, ಮೇಲಿನ ಮಹಡಿಯಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಅಷ್ಟೇ.

ಫಕ್ಕೀರಪ್ಪನವರು ನಿವೃತ್ತರಾದ ಮೇಲೆ ಕಸ್ತೂರಿ ಪತ್ತಾರ ಬಂದರು. ಎಲ್ಲರೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ಅವರು ಹಿಂದಿನ ಕೋಣೆಯಲ್ಲಿದ್ದ ಮುರುಕು ಕುರ್ಚಿಗಳನ್ನೆಲ್ಲ ಹೊರಗೆ ಹಾಕಿಸಿ, ಜಮಖಾನೆ ಹಾಸಿ, ಮಕ್ಕಳ ಪುಸ್ತಕಗಳನ್ನು ಜೋಡಿಸಿದರು. ಕಪಾಟುಗಳು ಎತ್ತರವಾಗಿದ್ದರಿಂದ ನನ್ನನ್ನೂ ಅಲ್ಲಿಗೆ ತಂದರು. ಮೇಲಿನ ಪುಸ್ತಕ ಬೇಕಾದ ಮಗು ಬೆರಳು ತೋರಿಸಬೇಕು, ಹತ್ತುವುದು ಮಾತ್ರ ಅಕ್ಕೋರ ಕೆಲಸ.

ಅವರು ಗದರುತ್ತಿರಲಿಲ್ಲ. ಯಾವುದಾದರೂ ಮಗು ಜೋರಾಗಿ ಮಾತಾಡಿದರೆ ಹತ್ತಿರ ಹೋಗಿ ಕೂತು, "ನಿನ್ನ ಬಾಜೂಕ ಕುಂತಾಕಿ ಕತಿ ಒಳಗ ಹೋಗ್ಯಾಳ. ಅಕಿನ್ನ ಹೊರಗ ಎಳೀಬಾರ್ದು" ಎನ್ನುತ್ತಿದ್ದರು. ಮಗು ತಲೆಯಾಡಿಸಿ ಸುಮ್ಮನಾಗುತ್ತಿತ್ತು. ದೊಡ್ಡವರಿಗೂ ಅವರದೊಂದು ನಿಯಮವಿತ್ತು. ಹತ್ತು ವರ್ಷದೊಳಗಿನ ಮಗುವಿನ ಜೊತೆ ಮನೆಯವರೊಬ್ಬರು ಕೂರಲೇಬೇಕು. ಅಜ್ಜಂದಿರು ಬಂದು ಗೋಡೆಗೊರಗಿ ತೂಕಡಿಸುತ್ತಿದ್ದರು. ಅಷ್ಟಾದರೂ ಸಾಕು ಎಂದು ಅಕ್ಕೋರು ನಗುತ್ತಿದ್ದರು.

ಆ ನಿಯಮವನ್ನು ಮೊದಲು ಮುರಿದವರೂ ಅವರೇ.

ಶಿವಲೀಲಾ ಎಂಬ ತಾಯಿ ಆರು ವರ್ಷದ ಮಗಳು ಸನ್ನಿಧಿಯನ್ನು ಕರೆದುಕೊಂಡು ಬಂದಳು. ಮಗಳಿಗೆ ಪುಸ್ತಕ ತೋರಿಸಲು ಹೋಗುತ್ತೇನೆಂದು ಅತ್ತೆಮನೆಯಲ್ಲಿ ಹೇಳಿದ್ದಳು. ನಿಜವಾಗಿ ಅವಳು ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ಮನೆಯಲ್ಲಿ ಪುಸ್ತಕ ಬಿಚ್ಚುವ ಹಾಗಿರಲಿಲ್ಲ, ಈ ಸಲ ಬಿಟ್ಟರೆ ವಯಸ್ಸು ಮೀರುತ್ತಿತ್ತು. ಭಾನುವಾರ ಎರಡು ತಾಸು ಮಗಳನ್ನು ಇಲ್ಲಿ ಬಿಟ್ಟು ಮಹಡಿಗೆ ಹೋಗಲೇ ಎಂದು ಕೇಳಿದಳು. ಅಕ್ಕೋರು ಸನ್ನಿಧಿಯನ್ನು ಜಮಖಾನೆಯ ಮೇಲೆ ಕೂರಿಸಿ ಕೈಗೊಂದು ಪುಸ್ತಕ ಕೊಟ್ಟರು.

"ಹೋಗಿ ಓದವ್ವಾ," ಎಂದರು. "ನಾ ಅದೀನಿ."

ಒಬ್ಬರಿಗೆ ಬಿಟ್ಟ ದಾರಿ ಎಲ್ಲರಿಗೂ ಕಂಡಿತು. ಅವಳ ಕೂಸಿಗೆ ಆಗುವುದಾದರೆ ನಮ್ಮ ಕೂಸಿಗೆ ಯಾಕಿಲ್ಲ ಎಂದು ಒಬ್ಬೊಬ್ಬರೇ ಕೇಳತೊಡಗಿದರು. ಆಮೇಲೆ ಕೇಳುವುದನ್ನೂ ಬಿಟ್ಟರು. ಮಕ್ಕಳನ್ನು ಬಾಗಿಲಲ್ಲಿ ಇಳಿಸಿ ಸಂತೆಗೆ, ಸಿನಿಮಾಕ್ಕೆ ಹೋದರು. ಎರಡು ತಿಂಗಳಲ್ಲಿ ಭಾನುವಾರವೆಂದರೆ ಇಪ್ಪತ್ತು ಮೂವತ್ತು ಮಕ್ಕಳು, ದೊಡ್ಡವರು ಒಬ್ಬರೂ ಇಲ್ಲ. ಕಪಾಟಿನ ಸುತ್ತ ಓಟ, ಚಿತ್ರಕ್ಕಾಗಿ ಜಗ್ಗಾಟ, ಹರಿದ ಹಾಳೆಗಳು. ಒಬ್ಬ ತಂದೆಯನ್ನು ಅಕ್ಕೋರು ತಡೆದು ಕೇಳಿದ್ದಕ್ಕೆ ಅವನು ಮೊಬೈಲಿನಿಂದ ಕಣ್ಣೆತ್ತದೆ, ಇದು ಸರ್ಕಾರದ ಲೈಬ್ರರಿ ಹೌದೋ ಅಲ್ಲೋ ಎಂದ.

ಸಹಾಯಕ್ಕೆ ಒಬ್ಬರನ್ನು ಕೊಡಿ ಎಂದು ಅಕ್ಕೋರು ಮೇಲಿನ ಕಚೇರಿಗೆ ಮೂರು ಸಲ ಬರೆದರು. ಉತ್ತರ ಬರಲಿಲ್ಲ. ಒಂದು ಭಾನುವಾರ ಅವರು ಮಕ್ಕಳ ಮೇಲೆ ಕಿರುಚಿದರು. ಕೂಡಲೇ ಮುಖ ತಿರುಗಿಸಿ, ನನ್ನನ್ನು ಹಿಡಿದು ನಿಂತರು.

ಅದರ ಮುಂದಿನ ವಾರ ಮಹಡಿಯ ಮೇಲೆ ಕುರ್ಚಿಗಾಗಿ ಇಬ್ಬರು ಹುಡುಗರು ಹೊಡೆದಾಡಿದರು. ಬೆಂಚು ಉರುಳಿದ ಸದ್ದು ಕೇಳಿತು. ಯಾರೋ ಓಡಿ ಬಂದು ಅಕ್ಕೋರನ್ನು ಕರೆದರು. ಎಲ್ಲರೂ ಕೂತಲ್ಲೇ ಕೂತಿರಿ, ಈಗ ಬಂದೆ ಎಂದು ಹೇಳಿ ಅವರು ಹೋದರು.

ಸನ್ನಿಧಿ ಎದ್ದಳು. ಮೇಲಿನ ಸಾಲಿನಲ್ಲಿ ಆನೆಯ ಚಿತ್ರವಿದ್ದ ಪುಸ್ತಕವೊಂದಿತ್ತು. ಬಂದಾಗಿನಿಂದ ಅವಳು ಅದಕ್ಕೆ ಬೆರಳು ತೋರಿಸುತ್ತಲೇ ಇದ್ದಳು, ಅಕ್ಕೋರಿಗೆ ಬಿಡುವಾಗಿರಲಿಲ್ಲ. ಅವಳು ನನ್ನ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಬಟ್ಟೆಯ ಗಂಟಿನಷ್ಟೂ ಭಾರವಿರಲಿಲ್ಲ. ಎರಡು, ಮೂರು, ನಾಲ್ಕು. ನಾನು ನಾಲ್ಕೂ ಕಾಲುಗಳನ್ನು ನೆಲಕ್ಕೆ ಒತ್ತಿ ನಿಂತೆ. ನನ್ನಿಂದ ಆಗುವುದು ಅಷ್ಟೇ. ಅವಳು ತುದಿಗಾಲಲ್ಲಿ ನಿಂತು ಕೈ ಚಾಚಿದಳು, ಇನ್ನೂ ಚಾಚಿದಳು. ಆಮೇಲೆ ನನ್ನ ಮೇಲೆ ಭಾರವೇ ಇರಲಿಲ್ಲ.

ಮೊಣಕೈ ಮುರಿದಿತ್ತು. ಎರಡು ಸಲ ಆಪರೇಷನ್ ಆದರೂ ಆ ಕೈ ನೆಟ್ಟಗಾಗಲಿಲ್ಲವಂತೆ. ಶಿವಲೀಲಾ ಪರೀಕ್ಷೆ ಬರೆಯಲಿಲ್ಲ. ಅವಳನ್ನು ಮನೆಯಿಂದ ಹೊರಗೆ ಕಳಿಸುವುದನ್ನೇ ನಿಲ್ಲಿಸಿದರೆಂದು ಪತ್ರಿಕೆ ಓದುವವರು ಮಾತಾಡಿಕೊಂಡರು.

ವಿಚಾರಣೆಗೆ ಬಂದ ಅಧಿಕಾರಿ ಕೆಟ್ಟವರಲ್ಲ. ಕೋಣೆಯ ಬಾಗಿಲು ಮುಂದಕ್ಕೆಳೆದು ಮೆಲ್ಲಗೆ ಹೇಳಿದರು: "ಏಣಿ ಮೆಟ್ಟಿಲ ಸಡ್ಲ ಇತ್ತು ಅಂತ ಬರದು ಕೊಟ್ಟುಬಿಡ್ರಿ. ಯಾರಿಗೂ ತ್ರಾಸಿಲ್ಲ."

ಅಕ್ಕೋರು ನನ್ನ ಮೇಲೆ ಹತ್ತಿ, ತುದಿಯ ಮೆಟ್ಟಿಲಲ್ಲಿ ನಿಂತು ತೋರಿಸಿ ಇಳಿದರು.

"ಏಣಿ ಗಟ್ಟಿ ಐತ್ರೀ ಸರ್. ಹಂಗ ಬರದ್ರ ನೀವು ಏಣಿ ಬದಲಿ ಮಾಡ್ತೀರಿ. ಇಲ್ಲಿ ಬೇಕಾಗಿದ್ದು ಏಣಿ ಅಲ್ಲ, ಮಕ್ಕಳನ್ನ ನೋಡಾಕ ಇನ್ನೊಂದು ಜೀವ."

ಮೇಡಂ ನೋಡಿಕೊಳ್ಳುತ್ತೇನೆ ಅಂದಿದ್ದರು ಎಂದು ತಾಯಿ ಹೇಳಿಕೆ ಕೊಟ್ಟಿದ್ದಾಳೆ, ಅದು ನಿಮ್ಮ ಮೇಲೇ ಬರುತ್ತದೆ ಎಂದು ಅಧಿಕಾರಿ ಎಚ್ಚರಿಸಿದರು.

"ಹೌದ್ರಿ," ಎಂದರು ಅಕ್ಕೋರು. "ಅಂದಿದ್ದೆ."

ಅವರನ್ನು ಕೆಲಸದಿಂದ ತೆಗೆದರು. ಕೊನೆಯ ದಿನ ಅವರು ಖಾಲಿ ಕೋಣೆಯಲ್ಲಿ ಜಮಖಾನೆಯ ಮೇಲೆ ಕೂತು ಹರಿದ ಹಾಳೆಗಳಿಗೆ ಗೋಂದು ಹಚ್ಚುತ್ತಿದ್ದರು. ಬಾಗಿಲು ಹಾಕುವ ಹೊತ್ತಿಗೆ ಇನ್ನೂ ಏಳೆಂಟು ಪುಸ್ತಕ ಉಳಿದಿದ್ದವು. ಕೈ ಒರೆಸಿಕೊಂಡು, ಕೀಲಿ ಕೊಟ್ಟು ಹೋದರು.

ಸಹಾಯಕ್ಕೆಂದು ಕೇಳಿದ ಜೀವ ಬರಲಿಲ್ಲ. ಪೇಂಟರ್ ಒಬ್ಬ ಬಂದ. ನನ್ನನ್ನು ಮುಂಬಾಗಿಲಿಗೆ ಎಳೆದು, ನನ್ನ ಮೇಲೇ ಹತ್ತಿ, ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ ಎಂದು ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಬರೆದ. ನಾನು ಅವನನ್ನೂ ಅಲುಗದೆ ಹೊತ್ತೆ. ಬಳಿಕ ಬೇಡವಾದ ಸಾಮಾನುಗಳ ಪಟ್ಟಿಯಲ್ಲಿ ನನ್ನನ್ನು 'ಸಡಿಲ ಏಣಿ' ಎಂದು ಸೇರಿಸಿ ಹೊರಗಿನ ಮೆಟ್ಟಿಲಿನ ಪಕ್ಕಕ್ಕೆ ಇಟ್ಟರು.

ಈಗ ಇಲ್ಲೇ ಇದ್ದೇನೆ. ಒಂದು ಕಾಲಿಗೆ ಗೆದ್ದಲು ಹತ್ತಿದೆ. ಒಳಗೆ ಬಹಳ ನಿಶ್ಶಬ್ದ. ಭಾನುವಾರ ಓದಲು ಬರುವ ತಾಯಂದಿರು ಈಗಲೂ ಇದ್ದಾರೆ. ಮಕ್ಕಳನ್ನು ಮನೆಯಲ್ಲಿ ಬಿಡಲಾಗದವರು ಅವರನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಒಳಗೆ ಹೋಗುತ್ತಾರೆ. ಕಟ್ಟೆಯಿಂದ ಹತ್ತು ಹೆಜ್ಜೆಗೆ ರಸ್ತೆ.

ಕಳೆದ ವಾರ ಅಕ್ಕ ತಂಗಿ ಇಬ್ಬರು ಕೂತಿದ್ದರು. ತಂಗಿ ಬಂದು ನನ್ನ ಮೆಟ್ಟಿಲು ಮುಟ್ಟಿದಳು. ಅಕ್ಕ ಅವಳ ಕೈ ಹಿಡಿದೆಳೆದು, "ಬ್ಯಾಡ, ಅದು ಕೆಡವ್ತೈತಿ" ಎಂದಳು. ಬಿಸಿಲು ಏರಿತು. ಬೇಸರವಾಗಿ ಇಬ್ಬರೂ ರಸ್ತೆಯ ಅಂಚಿಗೆ ಹೋಗಿ ಕಲ್ಲಾಟ ಆಡತೊಡಗಿದರು. ಲಾರಿಗಳು ಹೋಗುತ್ತಿದ್ದವು. ಎರಡು ತಾಸು ಅವರನ್ನು ನೋಡುತ್ತಿದ್ದದ್ದು ನಾನೊಬ್ಬನೇ. ನನಗೆ ನಾಲ್ಕು ಕಾಲುಗಳಿವೆ. ಒಂದೂ ಓಡಲು ಬಾರದು.