ಮುಳುಗಿದ ಕಟ್ಟೆಯ ಮೂರು ಕಲ್ಲು

ಸಿದ್ದಲಕ್ಷ್ಮಮ್ಮನಿಗೆ ಬೇಕಿದ್ದದ್ದು ಒಂದು ಒಲೆ. ಒಡವೆಯಲ್ಲ, ವಸ್ತ್ರವಲ್ಲ, ಮತ್ತೊಬ್ಬ ಗಂಡನಂತೂ ಮೊದಲೇ ಅಲ್ಲ. ಕಾರಿಮಂಗಲದ ಹತ್ತಿರ ಅಣ್ಣ ಮಾರಿಯಪ್ಪನ ಹೊಲದ ಅಂಚಿನಲ್ಲಿ ಒಂದು ಗುಡಿಸಲು, ಅದರೊಳಗೆ ತನ್ನದೇ ಒಲೆ, ಹಸಿವಾದಾಗ ಯಾರ ಮುಖವನ್ನೂ ನೋಡದೆ ಬೇಯಿಸಿಕೊಳ್ಳುವ ಒಂದು ಮುದ್ದೆ. ಇಷ್ಟು ಕೇಳಿದ ತಪ್ಪಿಗೆ ಗಂಡಸರು ಅವಳನ್ನು ಎರಡು ವರ್ಷದಿಂದ ಅಲೆಸುತ್ತಿದ್ದರು. ಅಲೆಸುವುದಕ್ಕೆ ಅವರಿಗೆ ಸಿಕ್ಕ ನೆಪ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಆ ನೆಪ ನೀರಿನಡಿಯಲ್ಲಿ ಕೂತಿತ್ತು.

ಅವಳ ಗಂಡ ಚಿನ್ನಪ್ಪ ಕಾವೇರಿ ದಂಡೆಯ ಕೊರಳಹಟ್ಟಿಯವನು. ಮಕ್ಕಳಾಗಲಿಲ್ಲವೆಂದು ಇನ್ನೊಬ್ಬಳ ಮೇಲೆ ಕಣ್ಣು ಹಾಕಿದ. ಸಿದ್ದಲಕ್ಷ್ಮಮ್ಮ ಎದೆ ಬಡಿದುಕೊಳ್ಳಲಿಲ್ಲ, ಬಾವಿ ನೋಡಲಿಲ್ಲ. ನನ್ನನ್ನು ಬಿಟ್ಟುಬಿಡು ಅಂದಳು, ಅಷ್ಟೇ. ಅವರ ಕುಲದಲ್ಲಿ ಬಿಡುವುದೇನು ದೊಡ್ಡ ಕೆಲಸವಲ್ಲ. ಧಾರೆ ಎರೆದ ಅರಳಿಕಟ್ಟೆಯ ಮೇಲೆ ಊರಗೌಡ ಕೂರಬೇಕು. ಗಂಡ ಹೆಂಡತಿ ಒಂದು ರಾಗಿ ಕಡ್ಡಿಯ ಎರಡು ತುದಿ ಹಿಡಿದು ಮುರಿಯಬೇಕು. ತಮ್ಮ ತಮ್ಮ ತುಂಡು ಹಿಡಿದು ಅವನು ಅತ್ತ, ಇವಳು ಇತ್ತ. ಆಮೇಲೆ ಒಬ್ಬರನ್ನೊಬ್ಬರು ಕೇಳುವ ಹಾಗಿಲ್ಲ.

ಆದರೆ ಕಡ್ಡಿ ಮುರಿಯುವ ದಿನ ಗೊತ್ತು ಮಾಡುವಷ್ಟರಲ್ಲಿ ಮೆಟ್ಟೂರಿನ ಅಣೆ ತುಂಬಿ ಕೊರಳಹಟ್ಟಿ ಮುಳುಗಿತು. ಊರಿನವರು ಮಾರಮ್ಮನ ಕಲ್ಲನ್ನು ತಮಟೆ ಬಡಿಸಿಕೊಂಡು ಪೆನ್ನಾಗರದ ಕಡೆಯ ದಿಣ್ಣೆಗೆ ಹೊತ್ತರು. ಬಾಗಿಲು ಹೊತ್ತರು, ತೊಲೆ ಹೊತ್ತರು, ಕೋಳಿಗೂಡನ್ನೂ ಬಿಡಲಿಲ್ಲ. ಕಟ್ಟೆಯನ್ನು ಮಾತ್ರ ಯಾರೂ ಹೊರಲಿಲ್ಲ.

"ಕಟ್ಟೆ ಇಲ್ದೆ ಎಂಗಮ್ಮ ಕಡ್ಡಿ ಮುರ್ಸಾದು?" ಅಂದ ಗೌಡ ನಾರಪ್ಪ, ಅವಳು ಮೊದಲ ಸಲ ದಿಣ್ಣೆಗೆ ಹೋಗಿ ಕೇಳಿದಾಗ. "ಕೂಡ್ಸಿದ್ದು ಆ ಕಟ್ಟೆ ಮ್ಯಾಲೆ, ಬುಡ್ಸಾದೂ ಅಲ್ಲೇ. ಬ್ಯಾಸ್ಗೆ ಬರ್ಲಿ, ತಣ್ಣಿ ಇಳ್ದು ಕಟ್ಟೆ ಕಾಣ್ಲಿ."

"ಅವ್ನು ಇನ್ನೊಬ್ಳನ್ನ ಈ ದಿಣ್ಣೆ ಮ್ಯಾಲೇನೇ ಕೂಡ್ಕೆ ಮಾಡ್ಕಂಡ್ನಲ್ಲ ಗೌಡ್ರೆ, ಅದ್ಕೆ ಯಾವ ಕಟ್ಟೆ ಬೇಕಾಗಿತ್ತು?"

"ಗಂಡಸ್ರ ಇಚಾರ ಬ್ಯಾರೆ. ನೀನು ಸುಮ್ಕಿರು."

ಅಲ್ಲಿಂದ ಎದ್ದು ನಡೆದಳು. ತಿರುಗಿ ಆಡದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಮೈ ಉರಿಯಿತು. ದಾರಿಯುದ್ದಕ್ಕೂ ಆಡಬೇಕಿದ್ದ ಮಾತುಗಳನ್ನೆಲ್ಲ ಗಾಳಿಗೆ ಆಡಿಕೊಂಡು ಬಂದಳು.

ಅಣ್ಣ ಮಾರಿಯಪ್ಪ ಕೆಟ್ಟವನಲ್ಲ, ಪುಕ್ಕಲ. ಕುಲಕ್ಕೆಲ್ಲ ಯಜಮಾನನಾದ ಗೌಡ ಕೆಮ್ಮಿದರೆ ಇವನು ಹೆಗಲ ಮೇಲಿನ ಟವಲು ತೆಗೆದು ಕಂಕುಳಲ್ಲಿಟ್ಟುಕೊಳ್ಳುವ ಗಿರಾಕಿ. "ಕಡ್ಡಿ ಮುರೀದೆ ನೀನು ಬ್ಯಾರೆ ಒಲೆ ಊಡಿದ್ರೆ ನಮ್ಮನ್ನ ಕುಲದಿಂದ ಆಚೆ ಆಕ್ತಾರೆ ಸಿದ್ದಿ," ಅಂದ. "ಅವನ ಒಲೇಲಿ ಉಣ್ಬೇಕು, ಇಲ್ಲಾ ನನ್ನ ಒಲೇಲಿ ಉಣ್ಬೇಕು. ಪದ್ಧತಿ ಅಂದ್ಮೇಲೆ ಪದ್ಧತಿ."

ಅಣ್ಣನ ಒಲೆಯೆಂದರೆ ಅತ್ತಿಗೆ ಅಂಜಮ್ಮನ ಒಲೆ. ಅಂಜಮ್ಮ ಊಟಕ್ಕೆ ಕೊರತೆ ಮಾಡುತ್ತಿರಲಿಲ್ಲ, ಮಾತಿಗೂ ಮಾಡುತ್ತಿರಲಿಲ್ಲ. "ಬ್ಯಾರೆಯೋರ ಎಂಡ್ರಿಗೆ ಎಷ್ಟು ದಿನ ಅಂತ ಇಟ್ಟು ತೊಳಸಾದೋ," ಅಂದುಕೊಂಡೇ ಮುದ್ದೆ ಬಡಿಸುವಳು. ಒಲೆಯ ಮುಂದೆ ಮಾತ್ರ ಕೂರಗೊಡಳು. ಸಿದ್ದಲಕ್ಷ್ಮಮ್ಮ ಹಗಲೆಲ್ಲ ಕಾರಿಮಂಗಲದ ಮಂಡಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಿ, ಹುಳಿಗೆ ಬೆರಳ ಸಂದೆಲ್ಲ ಉರಿಯುತ್ತ ಮನೆಗೆ ಬಂದರೆ, ಬಿಸಿನೀರಿಗೂ ಅತ್ತಿಗೆಯನ್ನೇ ಕೇಳಬೇಕು. ಎಷ್ಟೋ ದಿನ ಕೇಳದೆ ತಣ್ಣೀರಲ್ಲೇ ಕೈ ತೊಳೆದು ಮಲಗಿದಳು.

ಕಡ್ಡಿಯೊಂದನ್ನು ಆಕೆ ಆಗಲೇ ಆರಿಸಿಟ್ಟಿದ್ದಳು. ಗಂಟಿಲ್ಲದ, ನೀಟಾದ ರಾಗಿ ಕಡ್ಡಿ. ಅಣ್ಣನ ಮನೆಯ ಸೂರಿಗೆ ಸಿಕ್ಕಿಸಿದ್ದು ಅತ್ತಿಗೆಯ ಒಲೆಯ ಹೊಗೆ ಕುಡಿದು ಕಪ್ಪಾಗಿತ್ತು. ಮೊದಲ ಬೇಸಿಗೆಯಲ್ಲಿ ಅರಳಿಮರದ ತುದಿಯಷ್ಟೇ ಕಂಡಿತು. ಗೌಡ ಕೈಯಾಡಿಸಿ ಕಳಿಸಿದ.

ಎರಡನೆಯ ಬೇಸಿಗೆಯಲ್ಲಿ, ಪೆನ್ನಾಗರದ ಕಡೆಯಿಂದ ಮಂಡಿಗೆ ಹುಣಸೆ ತರುವ ಗಾಡಿಯ ಅಣ್ಣಾಮಲೈ ಮೂಟೆ ಇಳಿಸುತ್ತ, "ಅಮ್ಮಾ, ತಣ್ಣಿ ಇರಂಗಿಡುಚ್ಚು. ಉಂಗ ಕಟ್ಟೆ ತೆರಿಯುದು," ಅಂದ. ನೀರು ಇಳಿದಿದೆ, ಕಟ್ಟೆ ಕಾಣುತ್ತಿದೆ. ಸಿದ್ದಲಕ್ಷ್ಮಮ್ಮ ಹುಣಸೆ ಕುಟ್ಟುವ ಕೊಡತಿಯನ್ನು ಅಲ್ಲೇ ಇಟ್ಟು ಎದ್ದಳು.

ಗೌಡನಿಗೂ ಗಂಡನಿಗೂ ಹೇಳಿ ಕಳಿಸಿ, ಅಣ್ಣನನ್ನು ಹೊರಡಿಸಿಕೊಂಡು, ಅಣ್ಣಾಮಲೈಯ ಬರಿಗಾಡಿಯಲ್ಲಿ ಹೋದಳು. ಕಡ್ಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು, ದಾರಿಯಲ್ಲಿ ಮುರಿದೀತೆಂದು ಗಾಡಿ ಎತ್ತೆತ್ತಿ ಹಾಕಿದಾಗಲೆಲ್ಲ ಮುಟ್ಟಿ ನೋಡಿಕೊಂಡಳು.

ದಂಡೆಯಲ್ಲಿ ನಿಂತರೆ ಕೆಳಗೆ ಕೊರಳಹಟ್ಟಿ. ಕೆಸರು, ಕೆಸರಿನ ನಡುವೆ ಗೋಡೆಗಳ ಬುಡ, ಒಣಗಿದ ಅರಳಿ ಬೊಡ್ಡೆ, ಅದರ ಸುತ್ತ ಕಟ್ಟೆ. ಕಟ್ಟೆಯ ಒಂದು ಮಗ್ಗುಲು ಮಾತ್ರ ಇನ್ನೂ ನೀರಿನಲ್ಲಿತ್ತು. ಗೌಡ ನಾರಪ್ಪ ಪಂಚೆಯನ್ನು ಮಂಡಿಯವರೆಗೆ ಎತ್ತಿ ಹಿಡಿದು ಕೆಸರನ್ನು ನೋಡಿದ, ಕಟ್ಟೆಯನ್ನು ನೋಡಿದ. ಚಿನ್ನಪ್ಪ ಹುಣಸೆಮರದ ನೆರಳಲ್ಲಿ ಕೂತು ಎಲೆಯಡಿಕೆ ಅಗಿಯುತ್ತಿದ್ದ.

"ತಣ್ಣಿ ಪೂರಾ ಬುಡ್ಲಿಲ್ವಲ್ಲಮ್ಮ," ಅಂದ ಗೌಡ. "ಅರ್ಧ ಕಟ್ಟೆ ಮ್ಯಾಲೆ ಕೂತು ಮಾಡಿದ ನ್ಯಾಯ ಅರ್ಧ ನ್ಯಾಯ. ಮುಂದಿನ ಬ್ಯಾಸ್ಗೆಗೆ ನೋಡಾನ."

"ಆತ್ರ ಏನೈತೆ ಬುಡಿ ಗೌಡ್ರೆ," ಅಂದ ಚಿನ್ನಪ್ಪ, ಎದ್ದು ನಿಲ್ಲದೆ. "ಇವ್ಳು ಎಲ್ಲಿಗೋಯ್ತಾಳೆ?"

ಆ ಮಾತು ನಾಟಿತು. ಸಿದ್ದಲಕ್ಷ್ಮಮ್ಮ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. ಗೌಡ ಕೂಗಿದ, ಅವಳು ತಿರುಗಲಿಲ್ಲ. ಕಟ್ಟೆಯ ಹತ್ತಿರ ಬಂದು ಅದರ ಮೇಲೆಯೇ ಕೂತಳು. ಹೆಂಗಸರು ಧಾರೆಯ ಹೊತ್ತಿನಲ್ಲಿ ಬಿಟ್ಟರೆ ಎಂದೂ ಕೂರದ ಕಟ್ಟೆ. ಕೂತರೆ ಏನಾದರೂ ಆಗುತ್ತದೆಂದು ಮದುವೆಯಾಗಿ ಬಂದಾಗಿನಿಂದ ಕೇಳಿದ್ದಳು. ಏನೂ ಆಗಲಿಲ್ಲ. ಕೆಳಗಿನ ಕಲ್ಲು ಅಲ್ಲಾಡಿತು, ಅಷ್ಟೇ. ಎರಡು ವರ್ಷದ ನೀರಿಗೆ ಗಾರೆ ಕರಗಿ ಕಲ್ಲುಗಳು ಹಾಲುಹಲ್ಲಿನ ಹಾಗೆ ಸಡಿಲವಾಗಿದ್ದವು.

ಅಯ್ಯೋ, ಇದಕ್ಕಾಗಿ ಕಾದೆನೇ ಅನ್ನಿಸಿತು ಅವಳಿಗೆ. ಗೌಡನ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚು ಸಿಟ್ಟು ತನ್ನ ಮೇಲೆ ಬಂತು. ಬಿಡುವವನು ಎಂದೋ ಬಿಟ್ಟಿದ್ದ, ತಾನೂ ಎಂದೋ ಬಿಟ್ಟಿದ್ದಳು. ಇಬ್ಬರ ನಡುವೆ ಉಳಿದಿದ್ದದ್ದು ಈ ಅಲ್ಲಾಡುವ ಕಲ್ಲು. ಅವಳು ಅದನ್ನು ಕಿತ್ತಳು. ಪಕ್ಕದ್ದನ್ನೂ ಕಿತ್ತಳು. ಒಲೆಗೆ ಸರಿಹೋಗುವ ಎತ್ತರ ನೋಡಿ ಮೂರನೆಯದನ್ನು ಆರಿಸಿ ಕಿತ್ತಳು.

"ಏನ್ ಮಾಡ್ತಿದ್ದೀಯಮ್ಮ, ಕಟ್ಟೆ ಕೀಳ್ತಿದ್ದೀಯಾ?" ಗೌಡ ದಂಡೆಯ ಮೇಲಿಂದ ಕೂಗಿದ.

"ಕೀಳ್ತಿಲ್ಲ ಗೌಡ್ರೆ, ವತ್ಕಂಡೋಯ್ತಿದೀನಿ. ಊರು ಬುಡಾವಾಗ ನೀವು ಇದನ್ನ ವರಾದು ಮರ್ತ್ಬುಟ್ರಲ್ಲ. ಇನ್ಮ್ಯಾಲೆ ಕಟ್ಟೆ ನನ್ನ ಒಲೇಲಿರ್ತದೆ. ಕಡ್ಡಿ ಮುರ್ಸ್ಬೇಕು ಅನ್ನಿಸ್ದಾಗ ಅಲ್ಲಿಗೆ ಬನ್ನಿ."

ಮೊದಲ ಕಲ್ಲನ್ನು ತಲೆಯ ಮೇಲಿಟ್ಟುಕೊಳ್ಳಲು ನೋಡಿದಳು, ಕಾಲು ಹೂತಿತು. ಕಲ್ಲು ಜಾರಿ ಕೆಸರಿಗೆ ಬಿತ್ತು. ಅಳು ಬಂದುಬಿಟ್ಟಿತು. ಇಷ್ಟು ದಿನ ಬಾರದ್ದು ಈಗ ಎಲ್ಲರ ಕಣ್ಣೆದುರಿಗೆ ಬರಬೇಕೇ ಎಂದು ಮತ್ತಷ್ಟು ಸಿಟ್ಟು ಬಂತು. ಮತ್ತೆ ಬಾಗಿದಾಗ ಕಲ್ಲಿನ ಆ ಬದಿಗೆ ಇನ್ನೆರಡು ಕೈ ಬಂದವು. ಮಾರಿಯಪ್ಪ ಮಂಡಿಯುದ್ದ ಕೆಸರಿನಲ್ಲಿ ನಿಂತಿದ್ದ. ಹೆಗಲ ಮೇಲಿದ್ದ ಟವಲನ್ನು ಸಿಂಬಿ ಸುತ್ತಿ ತನ್ನ ತಲೆಯ ಮೇಲಿಟ್ಟುಕೊಂಡಿದ್ದ.

"ಲೇ ಮಾರಿಯಪ್ಪ, ಕುಲದ ನೆಪ್ಪೈತೇನ್ಲಾ?" ಅಂದ ಗೌಡ.

ಮಾರಿಯಪ್ಪ ತಲೆಯ ಮೇಲಿನ ಸಿಂಬಿಯನ್ನು ಸರಿಮಾಡಿಕೊಂಡ. ಗೌಡನ ಕಡೆ ತಿರುಗಲಿಲ್ಲ. "ಎತ್ತು ಸಿದ್ದಿ, ತಲೆ ಮ್ಯಾಲಿಕ್ಕು," ಅಂದ.

ಮೂರೂ ಕಲ್ಲು ಗಾಡಿ ಸೇರುವವರೆಗೆ ಗೌಡ ಬೈದ. ಚಿನ್ನಪ್ಪ ಆಗ ಎದ್ದು ನಿಂತಿದ್ದ, ಏನು ಮಾಡಬೇಕೆಂದು ತಿಳಿಯದೆ ಬಾಯಲ್ಲಿದ್ದದ್ದನ್ನು ಉಗಿದ. ಕುಲದಿಂದ ಹೊರಗೆ ಹಾಕಿದರೇ ಅಂದರೆ, ಕೆಲವರು ಹಾಕಿದರು, ಕೆಲವರು ಮರೆತರು. ಗೌಡನಂತೂ ಕಡ್ಡಿ ಮುರಿಸಲು ಎಂದೂ ಬರಲಿಲ್ಲ.

ಹೊಲದಂಚಿನಲ್ಲಿ ಗುಡಿಸಲು ಎದ್ದಿತು, ವಕ್ರವಾಗಿಯೇ ಎದ್ದಿತು. ಮೂರು ಕಲ್ಲು ಹೂಡಿ ಮಣ್ಣು ಮೆತ್ತಿ, ಒಣಗಿದ ಮೇಲೆ ಸಾರಿಸಿ, ಬೆಳಗಿನ ಹೊತ್ತು ಸಿದ್ದಲಕ್ಷ್ಮಮ್ಮ ಒಲೆಯ ಮುಂದೆ ಕೂತಳು. ಹೊತ್ತಿಸಲು ಸಣ್ಣ ಪುಳ್ಳೆ ಬೇಕಾಯಿತು. ಅಂದು ಸೆರಗಿನಲ್ಲಿ ಸುತ್ತಿಕೊಂಡು ಹೋಗಿದ್ದ ರಾಗಿ ಕಡ್ಡಿ ನೆನಪಾಯಿತು. ಹೋಗಿ ಬರುವ ದಾರಿಯಲ್ಲೂ ಅದು ಮುರಿದಿರಲಿಲ್ಲ. ಇಡೀ ಕಡ್ಡಿಯನ್ನೇ ಬೆಂಕಿಗೆ ಕೊಟ್ಟಳು. ಹೊಸ ಒಲೆ ಮೊದಲು ಹೊಗೆಯಾಡಿ ಕಣ್ಣಲ್ಲಿ ನೀರು ತರಿಸಿ, ಆಮೇಲೆ ಹತ್ತಿಕೊಂಡಿತು.

ಮುದ್ದೆ ಕಟ್ಟುತ್ತಿರುವಾಗ ಬಾಗಿಲಿಗೆ ನೆರಳು ಬಿತ್ತು. ಅಂಜಮ್ಮ ಒಡೆದ ಮಡಕೆಯ ಚೂರು ಹಿಡಿದು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು.

"ನಮ್ಮ ಒಲೆ ಆರೋಗೈತೆ ಸಿದ್ದಿ," ಅಂದಳು ನೆಲ ನೋಡುತ್ತ. "ಒಂದು ಕೆಂಡ ಕೊಡ್ತೀಯಾ?"

ಆರದಂತೆ ಬೂದಿ ಮುಚ್ಚಿಡುವುದರಲ್ಲಿ ಅಂಜಮ್ಮನ ಕೈ ಎಂದೂ ತಪ್ಪಿದ್ದಿಲ್ಲವೆಂದು ಸಿದ್ದಲಕ್ಷ್ಮಮ್ಮನಿಗೆ ಗೊತ್ತಿತ್ತು. ಅದನ್ನು ಆಡಿ ತೋರಿಸುವ ಮಾತು ನಾಲಿಗೆ ತುದಿಯವರೆಗೆ ಬಂತು, ನುಂಗಿಕೊಂಡಳು. ಮಣೆ ಸರಿಸಿ ಒಲೆಯ ಮುಂದೆ ಜಾಗ ಮಾಡಿದಳು.

"ಕೂತ್ಕ ಅತ್ತಿಗೆ," ಅಂದಳು. "ಇನ್ನೊಸಿ ಉರೀಲಿ, ಒಳ್ಳೆ ಕೆಂಡಾನೇ ಕೊಡ್ತೀನಿ."