ನಾಲಿಗೆಯ ಕೆಳಗಿನ ಹಸಿರು

ಕಿಟಕಿಯಾಚೆ ಪಾಪ್ಲರ್ ಎಲೆಗಳು ಬೆಳ್ಳಗೆ ಮಗುಚಿಕೊಂಡವು, ಗಾಳಿ ಎದ್ದಿತೆಂದು ಕಾಣುತ್ತದೆ, ಕೋಕಂದ್ ಕಡೆಯ ಗಾಳಿ, ಇದಕ್ಕೆ ಎದುರು ನಿಂತು ಕರ್ನಾಯ್ ಊದಬಾರದು, ಊದಿದ್ದೆಲ್ಲ ತಿರುಗಿ ಗಂಟಲಿಗೇ ಬರುತ್ತದೆ — ಆದರೆ ಇನ್ನು ಯಾವ ಗಾಳಿಯಾದರೇನು, ಎರ್ಮತ್‌ನ ಎದೆಗೆ ಅಂಟಿಸಿದ ತಂತಿಗಳು ತಲೆಯ ಬಳಿಯ ಪೆಟ್ಟಿಗೆಗೆ ಹೋಗಿವೆ, ಪೆಟ್ಟಿಗೆ ಟಿಕ್ ಎನ್ನುತ್ತದೆ, ತಡೆಯುತ್ತದೆ, ಅವಸರಪಟ್ಟು ಎರಡು ಸಲ ಟಿಕ್ ಎನ್ನುತ್ತದೆ, ಕುಡಿದು ಬಂದ ಡೋಲಿನವನ ಹಾಗೆ, ಇಂಥ ತಾಳದವನನ್ನು ಮದುವೆಗೆ ಕರೆದೊಯ್ದರೆ ಹೆಣ್ಣಿನ ಕಡೆಯವರು ಬೆನ್ನಟ್ಟಿ ಹೊಡೆದಾರು. ಕರ್ನಾಯ್ ಎಂದರೆ ಆಳಿಗಿಂತ ಉದ್ದದ ಹಿತ್ತಾಳೆ ಕಹಳೆ, ಮದುಮಗ ಕಾರಿನಿಂದ ಕಾಲಿಡುತ್ತಲೇ ಆಕಾಶಕ್ಕೆತ್ತಿ ಊದಿದರೆ ಬೀದಿ ನಾಯಿಗಳು ಓಡಬೇಕು, ಮುದುಕಿಯರು ಕಿವಿ ಮುಚ್ಚಿಕೊಂಡು ನಗಬೇಕು, ಇಡೀ ಮರ್ಗಿಲಾನ್ ಊರಿಗೆ ಗೊತ್ತಾಗಬೇಕು, ಎರ್ಮತ್ ಬಂದ. ಮೊದಲ ಸಲ ಎದೆ ಹಿಡಿದು ಬಿದ್ದಾಗ ಇದೇ ಆಸ್ಪತ್ರೆ, ಇದೇ ಬಣ್ಣದ ಗೋಡೆ, ಆಗಿದ್ದವನು ದಪ್ಪ ಮೀಸೆಯ ಡಾಕ್ಟರ್, ಚಿಕ್ಕಪ್ಪ ಎನ್ನುವ ಹಾಗೆ ಅಮಾಕಿ ಎಂದೇ ಕರೆದ, ಅಮಾಕಿ, ಸಿಗರೇಟು ಬಿಟ್ಟುಬಿಡಿ, ಬಿಟ್ರೆ ಉಸಿರು ವಾಪಸ್ ಬರುತ್ತೆ, ರಕ್ತ ಸಲೀಸಾಗಿ ಓಡುತ್ತೆ, ವರ್ಷ ಕಳೆದ ಹಾಗೆ ಅಪಾಯಾನೂ ಇಳೀತಾ ಹೋಗುತ್ತೆ, ಬಿಡ್ಲಿಲ್ವೋ ಮುಂದಿನ ಸಲ ನಿಮ್ಮ ಮನೆ ಮುಂದೆ ಊದೋರಲ್ಲ, ಅಳೋರು ಬಂದು ಕೂರ್ತಾರೆ. ಬಿಟ್ಟ. ಸುಳ್ಳಲ್ಲ, ಒಂದೇ ಒಂದು ದಮ್ಮೂ ಎಳೆಯಲಿಲ್ಲ, ಮೀಸೆಯವನು ಹೇಳಿದ್ದು ನಿಜವೇ ಆಯಿತು, ಉಸಿರು ಬಂತು, ಬೆಳಗಿನ ಕೆಮ್ಮು ಹೋಯಿತು, ಮೆಟ್ಟಿಲು ಹತ್ತುವಾಗ ಕಂಬ ಹಿಡಿಯುವುದು ತಪ್ಪಿತು, ವಸಂತದ ಮದುವೆಯೊಂದರಲ್ಲಿ ಅವನು ಊದಿದ್ದು ನಿಲ್ಲದೆ ನಿಲ್ಲದೆ ಎಷ್ಟು ಉದ್ದ ಹೋಯಿತೆಂದರೆ ಪಕ್ಕದಲ್ಲಿ ಸುರ್ನಾಯ್ ಎಂಬ ಪುಟ್ಟ ಓಲಗ ಊದುವ ನಿಶೋನ್ ತನ್ನದನ್ನು ಬಾಯಿಂದ ತೆಗೆದು, ಏನಣ್ಣಾ, ಹೊಟ್ಟೇಲಿ ಕುಲುಮೆ ತಿದಿ ಕಟ್ಕೊಂಡು ಬಂದಿದೀಯಾ, ನಮಗೂ ಸ್ವಲ್ಪ ಜಾಗ ಬಿಡೋ ಮಾರಾಯ, ಎಂದಿದ್ದ. ಮನೆಗೆ ಬಂದರೆ ಹೆಂಡತಿ ಸಬೋಹತ್ ಬಾಗಿಲಲ್ಲೇ ಅಂಗಿಯ ಕೊರಳಪಟ್ಟಿ ಹಿಡಿದು ಮೂಗು ಒತ್ತುತ್ತಿದ್ದಳು, ಮುದುಕಿ, ಮೊಮ್ಮಕ್ಕಳ ಎದುರಿಗೆ, ನಾಚಿಕೆ ಬಿಟ್ಟು, ವಾಸನೆ ಇಲ್ಲ ದಾದಾಸಿ, ಚೂರೂ ಇಲ್ಲ — ಮಕ್ಕಳಪ್ಪ ಎಂದೇ ಕರೆಯುತ್ತಾಳೆ, ಹೆಸರು ಹಿಡಿದವಳಲ್ಲ — ಆಮೇಲೆ ಗೋಡೆಯಾಚೆ ನೆರೆಯವಳಿಗೆ ಕೇಳುವ ಹಾಗೆ, ನಮ್ಮೋರು ಬಿಟ್ರಮ್ಮಾ, ನಿಮ್ಮೋರಿಗೂ ಹೇಳು, ಗಂಡಸು ಅಂದ್ರೆ ಹೀಗಿರ್ಬೇಕು. ಬಾಯಿ ಮಾತ್ರ ಸುಮ್ಮನಿರಲಿಲ್ಲ. ರಾತ್ರಿ ಹಲ್ಲು ಕಡಿಯುತ್ತಿದ್ದ, ಹಗಲು ಕಂಡವರ ಮೇಲೆ ಹಾರಿಬೀಳುತ್ತಿದ್ದ, ಅವಳೇ ಒಂದು ದಿನ ಪೇಟೆಯ ಹಿಂಬಾಗಿಲಿನ ಮುದುಕಿಯ ಹತ್ತಿರ ನಾಸ್ ಕಟ್ಟಿಸಿಕೊಂಡು ಬಂದಳು, ಹಸಿರು ಪುಡಿ, ಬೂದಿ, ಸುಣ್ಣ, ಒಂದಿಷ್ಟು ಎಣ್ಣೆ, ಚಿಟಿಕೆ ತೆಗೆದು ನಾಲಿಗೆಯ ಕೆಳಗೆ ಒತ್ತಿದರೆ ಕಣ್ಣು ತೇಲುತ್ತದೆ. ಹೊಗೆ ಇಲ್ಲ, ಬೆಂಕಿ ಇಲ್ಲ, ನಮ್ಮಜ್ಜ ತೊಂಬತ್ತರವರೆಗೂ ಇದನ್ನ ಹಾಕ್ಕೊಂಡೇ ಎತ್ತು ಹೊಡೆದರು, ಎಂದಳು, ಪೊಟ್ಟಣದ ಕೊರಳಿನ ದಾರವನ್ನು ಹಲ್ಲಿನಿಂದ ಕಚ್ಚಿ ಎಳೆದಳು, ದಾರ ಅವಳ ತುಟಿಯಲ್ಲೇ ಉಳಿಯಿತು, ನಕ್ಕಳು, ಚಿನ್ನದ ಹಲ್ಲಿನ ಮೇಲೆ ಕಪ್ಪು ದಾರ.

ಇವತ್ತು ಬೆಳಿಗ್ಗೆ ಬಂದವಳು ಮೀಸೆಯವನಲ್ಲ, ಚಿಕ್ಕ ಹುಡುಗಿ, ಡಾಕ್ಟರ್ ಅಂತೆ, ಅವನ ಕಿರಿಯ ಮಗಳ ವಯಸ್ಸು, ಬಾಯಿ ತೆಗೀರಿ ಅಮಾಕಿ, ನಾಲಿಗೆ ಎತ್ತಿ, ದೀಪ ಹಿಡಿದು ನೋಡಿದಳು, ಅಲ್ಲೇನು ಬೆಳ್ಳಗಾಗಿದೆಯಲ್ಲ, ನಾಸ್ ಹಾಕ್ತೀರಾ. ಹೂಂ ಮಗಳೇ, ಆದ್ರೆ ಸಿಗರೇಟು ಬಿಟ್ಟಿದೀನಿ, ಯಾರನ್ನ ಬೇಕಾದ್ರೂ ಕೇಳು. ಅದೂ ಹೊಗೆಸೊಪ್ಪೇ ಅಮಾಕಿ, ಅದೇ ವಿಷ, ಬಾಗಿಲು ಮಾತ್ರ ಬೇರೆ, ನಿಮ್ಮ ಎದೆ ಹಗಲೂ ರಾತ್ರಿ ಅದರ ಜೊತೆ ಗುದ್ದಾಡ್ತಾ ಬಂದಿದೆ. ಹೊಗೆಸೊಪ್ಪೇ. ಗೊತ್ತಿರಲಿಲ್ಲವೇ, ಗೊತ್ತಿತ್ತು, ಹೊಲದಲ್ಲಿ ಬೆಳೆಯುವುದನ್ನು ಕಂಡವನೇ ಅವನು, ಆದರೆ ಇಲ್ಲಿ ಯಾರೂ ಅದನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ, ಚಹಾದ ಹಾಗೆ, ಡ್ರೈವರುಗಳು, ಮೇಸ್ತ್ರಿಗಳು, ಸಾವಿನ ಮನೆಯಲ್ಲಿ ಗೋಡೆಗೆ ಒರಗಿ ಕೂತವರು, ಎಲ್ಲರ ನಾಲಿಗೆಯ ಕೆಳಗೂ ಅದೇ ಹಸಿರು, ಮೊನ್ನೆ ಒಂದು ಮದುವೆಯ ಬಾಗಿಲಲ್ಲಿ ಅವನೂ ಪಕ್ಕಕ್ಕೆ ತಿರುಗಿ ಉಗಿದು, ಬಾಯಿ ಮುಕ್ಕಳಿಸಿ, ಕರ್ನಾಯ್ ಎತ್ತಿದ್ದ, ಉಸಿರು ಇತ್ತು, ಬೇಕಾದಷ್ಟಿತ್ತು, ಬಿದ್ದದ್ದು ಉಸಿರಲ್ಲ, ಎಡಗೈ ಮೊದಲು ಸತ್ತಿತು, ಹಿತ್ತಾಳೆ ಕಲ್ಲಿನ ಮೇಲೆ ಬಡಿದ ಸದ್ದು, ಆಮೇಲೆ ನಿಶೋನನ ಕೂಗು. ಇನ್ನು ಎದೆಯಲ್ಲಿ ಜಾಸ್ತಿ ಉಳಿದಿಲ್ಲ ಎಂದಳು ಹುಡುಗಿ, ಮುಚ್ಚಿಡಲಿಲ್ಲ, ಇನ್ನೊಂದು ಸಲ ತಡೆಯಲ್ಲ, ನಾಸ್ ಇವತ್ತೇ ನಿಲ್ಲಬೇಕು, ಯಾರು ತಂದುಕೊಡ್ತಾರೆ, ಅವರ ಹತ್ರ ನಾನೇ ಮಾತಾಡ್ತೀನಿ. ಬೇಡ ಮಗಳೇ. ಯಾಕೆ. ಬೇಡ, ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ. ಹೇಗೆ ಹೇಳುವುದು, ಸಬೋಹತ್, ನೀನು ವಾರವಾರ ಹೊಸದು ನೋಡಿ, ಮೂಸಿ, ಮುದುಕಿಯ ಹತ್ತಿರ ಜಗಳ ಮಾಡಿ ತಂದೆಯಲ್ಲ, ಅದು — ಹಲ್ಲಿನಲ್ಲಿ ಕಪ್ಪು ದಾರ — ಅದು, ನೋಡು — ಸತ್ತರೆ ಅವಳು ಅಳುತ್ತಾಳೆ, ನೆರೆಯವರು ಸುತ್ತ ಕೂರುತ್ತಾರೆ, ಒಂದು ವರ್ಷ ಬಣ್ಣದ ಬಟ್ಟೆ ಉಡುವುದಿಲ್ಲ, ಆಮೇಲೆ ಮೊಮ್ಮಕ್ಕಳಿದ್ದಾರೆ, ಆದರೆ ಇದು ಗೊತ್ತಾದರೆ, ಇದು ಗೊತ್ತಾಗಿ ಅವಳು ತನ್ನ ಕೈ ನೋಡಿಕೊಂಡರೆ, ಆ ಕೈಯಲ್ಲೇ ಹಿಟ್ಟು ನಾದಬೇಕಲ್ಲ, ಆ ಕೈ ಎತ್ತಿಯೇ ದುವಾ ಕೇಳಬೇಕಲ್ಲ. ಟಿಕ್. ಟಿಕ್ ಟಿಕ್. ಇವತ್ತೇ ಹೇಳಬೇಕು, ಬಂದ ಕೂಡಲೇ, ಚಪ್ಪಲಿ ಬಿಚ್ಚುವ ಮೊದಲೇ, ಸುಮ್ಮನೆ ಬೇಡ ಎಂದರೂ ಸಾಕು, ರುಚಿ ಹತ್ತುತ್ತಿಲ್ಲ ಎಂದರೂ ಸಾಕು, ಇಲ್ಲ, ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುತ್ತದೆ, ಮೂಗು ಹಾಗಿದೆ. ಬಾಗಿಲಲ್ಲಿ ಅವಳ ದನಿ, ಕಾವಲುಗಾರನನ್ನು ಬಯ್ಯುತ್ತಿದ್ದಾಳೆ, ರೊಟ್ಟೀನೂ ಬಿಚ್ಚಿ ನೋಡ್ತೀಯಲ್ಲೋ, ಬಾಂಬ್ ಇಟ್ಕೊಂಡು ಬಂದಿದೀನಾ, ಒಳಗೆ ಬಂದಳು, ಗಾಳಿಯ ಧೂಳು, ಎಳ್ಳು ಹಚ್ಚಿದ ಬಿಸಿ ರೊಟ್ಟಿಯ ಘಮ, ದಾದಾಸಿ, ಬಣ್ಣ ಬಂದಿದೆ ನಿಮಗೆ, ಡಾಕ್ಟರಮ್ಮ ಏನಂದ್ಲು, ಕೂತಳು, ಬಗ್ಗಿ ಕೊರಳ ಬಳಿ ಮೂಸಿದಳು, ಮುಖ ಅರಳಿತು, ಆಮೇಲೆ ಪಿಸುಮಾತು, ಹೊರಗೆ ವರಾಂಡದಲ್ಲಿ ರೋಗಿಗಳೆಲ್ಲ ಕದ್ದು ಸೇದ್ತಾ ನಿಂತಿದಾರೆ ಕಣ್ರೀ, ವಾಸನೆಗೆ ನಿಮಗೂ ಆಸೆ ಆದೀತು, ನಂಗೆ ರಾತ್ರಿಯೆಲ್ಲ ಅದೇ ಹೆದರಿಕೆ, ಇಷ್ಟು ಕಷ್ಟಪಟ್ಟು ಬಿಟ್ಟಿದೀರ, ಮತ್ತೆ ಶುರು ಮಾಡಿದ್ರೆ ನನ್ನ ಕೈಗೆ ಸಿಗಲ್ಲ ನೀವು — ರವಿಕೆಯ ಒಳಗಿಂದ ಪೊಟ್ಟಣ, ಇನ್ನೂ ಅವಳ ಮೈಯ ಬಿಸಿ ಆರಿಲ್ಲ. ಹೇಳಬೇಕು, ಅವನು ಬಾಯಿ ತೆರೆದ. ಸಬೋಹತ್ ಬಾಗಿಲ ಕಡೆ ನೋಡಿದಳು, ಯಾರೂ ಇಲ್ಲ, ಬೇಗ ಬೇಗ, ಹಾಂ, ಹಾಗೇ ತೆಗೀರಿ, ಎನ್ನುತ್ತ ಚಿಟಿಕೆ ಹಿಡಿದು ಬಗ್ಗಿದಳು, ಉಗುರಿನ ಸಂದಿಯಲ್ಲಿ ಹಸಿರು, ಅವನು ಅವಳ ಕಣ್ಣು ನೋಡಿದ, ನಾಲಿಗೆ ಎತ್ತಿದ, ಟಿಕ್, ಅವಳು ನಗುತ್ತಿದ್ದಾಳೆ, ಟಿಕ್ ಟಿಕ್, ಹಲ್ಲಿನಲ್ಲಿ ದಾರ, ಚಿನ್ನದ ಹಲ್ಲಿನ ಮೇಲೆ ಕಪ್ಪು ದಾರ, ದಾರ —